ಊರ ಪ್ರೌಢಶಾಲೆಗೆ ಊರ ದಾಸೋಹ

(ಚಿಗಟೇರಿಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಇವತ್ತು ನನಗೆ ಒಪ್ಪಿಸಿರುವ ವಿಷಯ 'ದಾಸೋಹ ಮತ್ತು ಶಿಕ್ಷಣ'. ಈ ವಿಷಯದ ಮೇಲೆ ನಾವು ಬಹಳ ಭಾಷಣ ಕೇಳಿದ್ದೇವೆ. ಮಠಗಳು ನಡೆಸಿದ ಪ್ರಸಾದ ನಿಲಯಗಳನ್ನು ನೆನೆಯುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಪ್ರಸಾದ ಸ್ವೀಕರಿಸಿ ಮನೆಗೆ ಹೋಗುತ್ತೇವೆ. ಹಿರಿಯರು ಮಾಡಿದ್ದನ್ನು ಹೊಗಳುವುದಕ್ಕೆ ಖರ್ಚಿಲ್ಲ. ಆದರೆ ಇವತ್ತು ನಾನು ಖರ್ಚಿನ ಮಾತನ್ನೇ ಆಡಬೇಕೆಂದು ಬಂದಿದ್ದೇನೆ. ನಿಮ್ಮ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.

ಬೇಡಿಕೆ ಇಷ್ಟೇ. ಗುಡಿಗೆ, ತೇರಿಗೆ, ಜಾತ್ರೆಗೆ ಊರ ಪಟ್ಟಿ ಹಾಕುವುದು ನಮಗೆ ಹೊಸದಲ್ಲ. ಅದೇ ರೀತಿಯಲ್ಲಿ ನಮ್ಮ ಹೋಬಳಿಯ ಸರ್ಕಾರಿ ಪ್ರೌಢಶಾಲೆಗಳ ಕೊಠಡಿ, ಶೌಚಾಲಯ, ಪ್ರಯೋಗಾಲಯ, ಗ್ರಂಥಾಲಯಗಳಿಗಾಗಿ ಐದು ವರ್ಷದ ಒಂದು ಪಟ್ಟಿ ಹಾಕಿಕೊಳ್ಳೋಣ. ಯಾರೋ ನಾಲ್ಕು ಜನ ದೊಡ್ಡವರು ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಪಟ್ಟಿ ಬೇಡ. ಗ್ರಾಮಸಭೆಯಲ್ಲಿ ಚರ್ಚೆಯಾಗಿ, ಕೈ ಎತ್ತಿ ಒಪ್ಪಿ, ಠರಾವು ಬರೆದು, ಅವರವರ ಶಕ್ತಿಯಂತೆ ಎಲ್ಲ ಮನೆಯವರೂ ಸೇರುವ ಪಟ್ಟಿ ಬೇಕು.

ಇದು ಎಲ್ಲೂ ಇಲ್ಲದ ಯೋಚನೆಯಲ್ಲ. ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಕಡೆಯ ಮಕ್ಕಳನ್ನು ಕೇಳಿ ನೋಡಿ. ಅಲ್ಲಿ ಅನೇಕ ಕಡೆ ಪ್ರೌಢಶಾಲೆಗೆ ಹೊಸ ಕಟ್ಟಡ ಬೇಕಾದರೆ ಅದು ಚುನಾವಣೆಯ ಚೀಟಿಯ ಮೇಲೆಯೇ ಬರುತ್ತದೆ. 'ನಮ್ಮ ಶಾಲೆಗಳಿಗಾಗಿ ಇಷ್ಟು ಸಾಲ ಎತ್ತೋಣವೇ' ಎಂದು ಊರಿನ ಮತದಾರರನ್ನೇ ಕೇಳುತ್ತಾರೆ. ಜನ ಒಪ್ಪಿದರೆ ಶಾಲೆಯ ಮಂಡಳಿ ಬಾಂಡು ಹೊರಡಿಸುತ್ತದೆ. ಬಾಂಡು ಎಂದರೆ ಸಾಲಪತ್ರ. ಆ ಸಾಲವನ್ನು ಊರವರು ತಮ್ಮ ಮನೆ, ಜಮೀನಿನ ತೆರಿಗೆಯ ಮೂಲಕ ಎಷ್ಟೋ ವರ್ಷ ತೀರಿಸುತ್ತಾರೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರೂ ಕಟ್ಟುತ್ತಾರೆ, ಮಕ್ಕಳೇ ಇಲ್ಲದ ಮುದುಕರೂ ಕಟ್ಟುತ್ತಾರೆ.

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2000ರ ನವೆಂಬರಿನಲ್ಲಿ ಜನರೇ ಮತ ಹಾಕಿ ಇದಕ್ಕೊಂದು ನಿಯಮ ಮಾಡಿಕೊಂಡರು. ಅದಕ್ಕೆ ಮೊದಲು ಇಂಥ ಸಾಲಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕಾಗಿತ್ತು. ಹೊಸ ನಿಯಮದ ದಾರಿಯಲ್ಲಿ ಹೋದರೆ ನೂರಕ್ಕೆ 55 ಮತ ಸಾಕು. ಆದರೆ ಬಿಗಿಯಾದ ಷರತ್ತುಗಳನ್ನೂ ಹಾಕಿದರು. ಯಾವ ಯಾವ ಕೆಲಸ ಮಾಡುತ್ತೇವೆ ಎಂಬ ಪಟ್ಟಿಯನ್ನು ಮೊದಲೇ ಜನರ ಮುಂದೆ ಇಡಬೇಕು. ಆ ಹಣ ಸಂಬಳಕ್ಕೆ ಹೋಗಬಾರದು. ಪ್ರತಿ ವರ್ಷ ಲೆಕ್ಕ ತಪಾಸಣೆ ಆಗಬೇಕು. ಊರಿನ ಜನರದೇ ಒಂದು ಸಮಿತಿ ಆ ಖರ್ಚಿನ ಮೇಲೆ ಕಣ್ಣಿಡಬೇಕು. ಈ ಷರತ್ತುಗಳನ್ನು ನೆನಪಿನಲ್ಲಿಡಿ. ಮುಂದೆ ನಮಗೆ ಬೇಕಾಗುತ್ತವೆ.

ನಮ್ಮ ಗ್ರಾಮ ಪಂಚಾಯಿತಿಗಳಿಗೆ ಹೀಗೆ ಶಾಲೆಗಾಗಿ ಜನರ ಮತ ಕೇಳಿ ಬಾಂಡು ಹೊರಡಿಸುವ ವ್ಯವಸ್ಥೆ ಇಲ್ಲ. ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ, ಆರೋಗ್ಯ ಕರ ಎಂದು ಸಾಲುಗಳಿರುತ್ತವೆ, ಕಟ್ಟುತ್ತೇವೆ, ಮರೆಯುತ್ತೇವೆ. ಶಾಲೆಯ ಕಟ್ಟಡಕ್ಕೆ ಸಾಲ ಮಾಡುವುದು ರಾಜ್ಯ ಸರ್ಕಾರದ ಮಟ್ಟದಲ್ಲಿ ನಡೆಯುತ್ತದೆ. ನಬಾರ್ಡಿನಲ್ಲಿ 1995-96ರಿಂದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ ಎಂಬುದೊಂದಿದೆ. ಹಳ್ಳಿಯ ರಸ್ತೆ, ಸೇತುವೆಗಳ ಹಾಗೆ ಶಾಲಾ ಕೊಠಡಿಗಳಿಗೂ ಸರ್ಕಾರ ಅದರಿಂದ ಸಾಲ ತಂದಿದೆ. ಅಂದರೆ ಮಕ್ಕಳ ಶಾಲೆಗಾಗಿ ಸಾಲ ಮಾಡುವುದು ನಮ್ಮಲ್ಲಿಯೂ ಇದೆ. ವ್ಯತ್ಯಾಸವೇನೆಂದರೆ, ಅಲ್ಲಿ ಊರವರನ್ನು ಕೇಳುತ್ತಾರೆ, ಇಲ್ಲಿ ಕೇಳುವುದಿಲ್ಲ. ಕೇಳದೆ ಬಂದ ಕೊಠಡಿಯನ್ನು ಊರು ತನ್ನದೆಂದು ನೋಡುವುದಿಲ್ಲ. ಬಾಗಿಲು ಮುರಿದರೆ 'ಇಲಾಖೆಯವರು ನೋಡಿಕೊಳ್ಳಲಿ' ಎನ್ನುತ್ತೇವೆ.

ಪ್ರಾಥಮಿಕ ಶಾಲೆಯನ್ನು ಬಿಟ್ಟು ಪ್ರೌಢಶಾಲೆಯನ್ನೇ ಏಕೆ ಹಿಡಿದೆ ಎಂದು ನೀವು ಕೇಳಬಹುದು. ಇದಕ್ಕೆ ಕಾರಣವಿದೆ. ಶಿಕ್ಷಣದ ಹಕ್ಕಿನ ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು 6ರಿಂದ 14 ವರ್ಷದ ಮಕ್ಕಳಿಗೆ. ಎಂಟನೆಯ ತರಗತಿ ಮುಗಿಯುವಲ್ಲಿಗೆ ಆ ಹಕ್ಕು ಮುಗಿಯುತ್ತದೆ. ಒಂಬತ್ತನೆಯ ತರಗತಿಗೆ ಕಾಲಿಡುವ ಹುಡುಗಿಗೆ ಕೊಠಡಿ, ಶೌಚಾಲಯ, ಕುಡಿಯುವ ನೀರು ಕೊಡಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಎಲ್ಲಿ ಮಕ್ಕಳು ಶಾಲೆ ಬಿಡುವ ಭಯ ಹೆಚ್ಚೋ ಅಲ್ಲಿಯೇ ಕಾನೂನಿನ ಕೈ ಬಿಟ್ಟುಹೋಗುತ್ತದೆ.

ಹದಿನಾಲ್ಕು, ಹದಿನೈದು ಎಂದರೆ ಎಂಥ ವಯಸ್ಸೆಂದು ತಾಯಂದಿರಿಗೆ ಗೊತ್ತು. ಹುಡುಗನಾದರೆ ಮೆಕ್ಕೆಜೋಳದ ಹೊಲದಲ್ಲಿ ಒಂದಾಳಿನ ಕೆಲಸ ಮಾಡಬಲ್ಲ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಗುಂಪಿನಲ್ಲಿ ಸೇರಬಲ್ಲ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟದ ಕೂಲಿಗೆ ಹೋಗುವ ಮನೆಗಳಲ್ಲಿ ಮಗುವಿನ ಶಾಲೆಯೂ ಗಂಟುಮೂಟೆಯ ಜೊತೆಗೆ ಕಟ್ಟಿಹೋಗುತ್ತದೆ. ಹುಡುಗಿಯಾದರೆ ಮದುವೆಯ ಮಾತು ಶುರುವಾಗುತ್ತದೆ. ಆ ಎರಡು ವರ್ಷ ಶಾಲೆ ಅವಳನ್ನು ಹಿಡಿದಿಟ್ಟುಕೊಂಡರೆ ಎಸ್ಸೆಸ್ಸೆಲ್ಸಿ ಮುಗಿಯುತ್ತದೆ, ಮುಂದಿನ ದಾರಿಯೊಂದು ಕಾಣುತ್ತದೆ. ಹಿಡಿದಿಟ್ಟುಕೊಳ್ಳಲಿಲ್ಲ ಎಂದರೆ ಅವಳ ಓದು ಅಲ್ಲಿಗೇ ಮುಗಿಯಿತು.

ಹಿಡಿದಿಟ್ಟುಕೊಳ್ಳುವುದು ಮೇಷ್ಟ್ರ ಪಾಠ ಒಂದೇ ಅಲ್ಲ. ಇಲ್ಲಿ ನಮ್ಮ ತತ್ತ್ವದ ಮಾತೊಂದನ್ನು ಹೇಳಲೇಬೇಕು. ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ. ರಜಸ್ಸೂತಕವನ್ನು ಒಪ್ಪಲಿಲ್ಲ. ಇಷ್ಟಲಿಂಗ ಕಟ್ಟಿಕೊಂಡ ಹೆಣ್ಣು ಆ ದಿನಗಳಲ್ಲಿ ಹೊರಗೆ ಕೂರಬೇಕಿಲ್ಲ, ಪೂಜೆ ಬಿಡಬೇಕಿಲ್ಲ ಎಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ ಪರಂಪರೆ ನಮ್ಮದು. ಇದನ್ನು ನಾವು ಪ್ರತಿ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನೀರಿಲ್ಲದ, ಬಾಗಿಲಿಲ್ಲದ, ಬೀಗ ಜಡಿದ ಶೌಚಾಲಯ ಇರುವ ಪ್ರೌಢಶಾಲೆ ಏನು ಮಾಡುತ್ತದೆ? ತಿಂಗಳಿಗೆ ನಾಲ್ಕು ದಿನ ಹುಡುಗಿಯನ್ನು ಮನೆಯಲ್ಲಿ ಕೂರಿಸುತ್ತದೆ. ನಾವು ಮುಂಬಾಗಿಲಿನಿಂದ ಓಡಿಸಿದ ಸೂತಕವನ್ನು ಆ ಶಾಲೆ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆಯುತ್ತದೆ. ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ ಕಟ್ಟುವುದನ್ನು ನಾನು ಇಂಜಿನಿಯರರ ಕೆಲಸ ಎಂದಷ್ಟೇ ತಿಳಿದಿಲ್ಲ, ಅದು ತತ್ತ್ವದ ಆಚರಣೆ.

ನಮ್ಮ ತಾಲ್ಲೂಕಿನ ಸ್ಥಿತಿಯನ್ನೂ ಸ್ವಲ್ಪ ನೆನೆಯೋಣ. ಹರಪನಹಳ್ಳಿ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ನಮ್ಮ ಹರಪನಹಳ್ಳಿಯೂ ಒಂದು. ಅದೇ ಕಾಲಕ್ಕೆ ಸರ್ಕಾರ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಮೊದಲು ಮಾಡಿತು. ಬಳ್ಳಾರಿಗೆ ಬಂತು. ನಾವು ಆಗ ದಾವಣಗೆರೆ ಜಿಲ್ಲೆಯವರು. ಆಮೇಲೆ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371 ಜೆ ವಿಶೇಷ ಸ್ಥಾನಮಾನ ಬಂದಾಗಲೂ ನಾವು ಗಡಿಯ ಆಚೆಗೇ ಇದ್ದೆವು. ಹೋರಾಟವಾಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿದೆವು. 2021ರಲ್ಲಿ ವಿಜಯನಗರ ಜಿಲ್ಲೆಯವರಾದೆವು. ಇಪ್ಪತ್ತೈದು ವರ್ಷದೊಳಗೆ ಕಚೇರಿಯ ಬೋರ್ಡು ಮೂರು ಸಲ ಬದಲಾಯಿತು. ಅಷ್ಟರಲ್ಲಿ ಎಷ್ಟೋ ತಂಡದ ಮಕ್ಕಳು ಎಂಟನೆಯ ತರಗತಿಗೆ ಸೇರಿ, ಹತ್ತು ಮುಗಿಸಿಯೋ ಮುಗಿಸದೆಯೋ ಹೊರಗೆ ಹೋದರು. ಜಿಲ್ಲೆ ಬದಲಾಗುವವರೆಗೆ ಮಕ್ಕಳ ವಯಸ್ಸು ಕಾಯುವುದಿಲ್ಲ.

ಆ ಬಿಸಿಯೂಟಕ್ಕೆ ಸರ್ಕಾರ ಏನೆಂದು ಹೆಸರಿಟ್ಟಿತು? 'ಅಕ್ಷರ ದಾಸೋಹ'. ದಾಸೋಹ ಎಂಬುದು ನಮ್ಮ ಶರಣರ ಮಾತು. ಸರ್ಕಾರ ಆ ಮಾತನ್ನು ನಮ್ಮಿಂದ ತೆಗೆದುಕೊಂಡು ಪ್ರತಿ ಶಾಲೆಯ ಅಡುಗೆಮನೆಯ ಗೋಡೆಯ ಮೇಲೆ ಬರೆಸಿತು. ನಮ್ಮ ಮಾತು ಆ ಶಾಲೆಗೆ ಹೋಗಿದೆ, ಆದರೆ ನಾವು ಹೋಗಿದ್ದೇವೆಯೇ?

ಇನ್ನು ನಿಮ್ಮ ಮನಸ್ಸಿನಲ್ಲಿರಬಹುದಾದ ಆಕ್ಷೇಪಗಳಿಗೆ ಬರುತ್ತೇನೆ. ಅವು ಸುಳ್ಳು ಆಕ್ಷೇಪಗಳಲ್ಲ, ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲನೆಯದು: ಸರ್ಕಾರಿ ಶಾಲೆ ಸರ್ಕಾರದ್ದು, ತೆರಿಗೆ ಕಟ್ಟಿದ್ದೇವೆ, ಮತ್ತೆ ನಾವೇಕೆ ಕೊಡಬೇಕು? ನಿಜವಾದ ಮಾತು. 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಸರ್ಕಾರಿ ಶಾಲೆಯ ಮಕ್ಕಳ ತಂದೆ ತಾಯಿಗಳಿಂದ ಎಸ್‌ಡಿಎಂಸಿಯವರು ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದಿತ್ತು. ಸ್ವಇಚ್ಛೆಯಿಂದ ಎಂದು ಬರೆದಿದ್ದರೂ ರಾಜ್ಯದ ತುಂಬ ವಿರೋಧ ಬಂತು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ವಿರೋಧ ಸರಿಯಾಗಿಯೇ ಇತ್ತು. ಸರ್ಕಾರಿ ಶಾಲೆಗೆ ಮಗುವನ್ನು ಕಳಿಸುವ ಕೂಲಿಯವನ ಹತ್ತಿರ ನೂರು ರೂಪಾಯಿ ಕೇಳಿದರೆ, ಕೊಡಲಾಗದವನು ಮಗುವನ್ನೇ ಬಿಡಿಸಿಬಿಡುತ್ತಾನೆ. ಸುಡುವ ಬಿಸಿಲಲ್ಲಿ ನಿಂತವನಿಗೇ ನೆರಳಿನ ಬಾಡಿಗೆ ಕೇಳಿದ ಹಾಗೆ ಅದು.

ನಾನು ಹೇಳುವುದು ಅದರ ವಿರುದ್ಧ ದಿಕ್ಕಿನದು. ಶಾಲೆಗೆ ಮಗುವನ್ನು ಕಳಿಸುವ ಬಡವನಿಂದ ಎತ್ತುವ ಹಣ ಇದಲ್ಲ. ಮಗುವನ್ನು ಬೇರೆ ಕಡೆ ಕಳಿಸುವ ಅನುಕೂಲಸ್ಥರಿಂದ, ನೀರಾವರಿ ಜಮೀನಿರುವವರಿಂದ, ಅಂಗಡಿ ನಡೆಸುವವರಿಂದ, ಸಂಬಳದಾರರಿಂದ, ಊರು ಬಿಟ್ಟು ದಾವಣಗೆರೆ, ಬೆಂಗಳೂರು ಸೇರಿ ಚೆನ್ನಾಗಿರುವವರಿಂದ ಮೊದಲು ಎತ್ತುವ ಹಣ. ಮತ್ತೆ ಸರ್ಕಾರವನ್ನು ಬಿಡುವ ಮಾತೂ ಇಲ್ಲ. ನಮ್ಮ ಠರಾವಿನಲ್ಲಿ ಎರಡು ಸಾಲು ಇರಬೇಕು. ಒಂದು, ಊರು ಇಷ್ಟು ಕೊಡುತ್ತದೆ. ಎರಡು, ಸರ್ಕಾರ ಇಂತಿಂಥ ಕೆಲಸ ಮಾಡಿಕೊಡಬೇಕು. ನಾವೀಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲಿದ್ದೇವೆ. ಆ ಅನುದಾನದಲ್ಲಿ ನಮ್ಮ ಪ್ರೌಢಶಾಲೆಗಳಿಗೆ ಏನು ಬಂತು ಎಂದು ಕೇಳುವ ಹಕ್ಕು ನಮಗಿದೆ. ಎಷ್ಟೋ ಊರುಗಳಲ್ಲಿ ಉದ್ಯೋಗ ಖಾತ್ರಿಯ ಕೆಲಸದಿಂದಲೇ ಶಾಲೆಯ ಕಾಂಪೌಂಡು, ಆಟದ ಮೈದಾನ ಆಗಿವೆ. ಕೈಯಲ್ಲಿ ಊರ ಠರಾವು, ಬ್ಯಾಂಕಿನಲ್ಲಿ ಊರ ಪಾಲು ಇಟ್ಟುಕೊಂಡು ಕಚೇರಿಗೆ ಹೋದವರನ್ನು ಅಧಿಕಾರಿಗಳು 'ನೋಡೋಣ' ಎಂದು ಕಳಿಸುವುದು ಕಷ್ಟ. ಬರಿಗೈಯಲ್ಲಿ ಹೋದವರಿಗೆ ಆ ಮಾತು ಸುಲಭವಾಗಿ ಸಿಗುತ್ತದೆ.

ಎರಡನೆಯದು ನಮ್ಮವರ ಆಕ್ಷೇಪ. ಇದನ್ನು ನಾವು ಹೊರಗೆ ಹೇಳುವುದಿಲ್ಲ, ಒಳಗೆ ಅಂದುಕೊಳ್ಳುತ್ತೇವೆ. 'ನಮ್ಮ ಮಠಗಳಿಗೆ ವಿದ್ಯಾಸಂಸ್ಥೆಗಳಿವೆ. ಕೊಡುವುದಿದ್ದರೆ ಅಲ್ಲಿಗೆ ಕೊಡೋಣ. ಸರ್ಕಾರಿ ಶಾಲೆಯಲ್ಲಿ ನಮ್ಮ ಮಕ್ಕಳು ಎಷ್ಟು ಜನ ಇದ್ದಾರೆ?'

ಬಂಧುಗಳೆ, ನಮ್ಮ ಸಂಸ್ಥೆಗಳು ಹೇಗೆ ಹುಟ್ಟಿದವು ಎಂದು ನೋಡಿ. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ ಫ.ಗು. ಹಳಕಟ್ಟಿಯವರು ಒಬ್ಬ ವಕೀಲರು. ಊರೂರು ಅಲೆದು ತಾಳೆಗರಿ ಹುಡುಕಿ ವಚನಗಳನ್ನು ಅಚ್ಚಿಗೆ ತಂದವರೂ ಅವರೇ. ವಚನವನ್ನು ಉಳಿಸಿದ ಕೈಯೇ ಶಾಲೆಯನ್ನೂ ಕಟ್ಟಿತು, ಅವೆರಡನ್ನು ಅವರು ಬೇರೆ ಬೇರೆ ಎಂದು ತಿಳಿಯಲಿಲ್ಲ. 1916ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದವರು ಏಳು ಜನ ಶಿಕ್ಷಕರು. ಅವರು ಮೊದಲು ತೆರೆದದ್ದು ಏನನ್ನು? ಕಾಲೇಜಲ್ಲ, ಆಸ್ಪತ್ರೆಯಲ್ಲ, ಒಂದು ಶಾಲೆ. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟಿದ್ದರು. ಅದೇ 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ನಮ್ಮ ನೆರೆಯ ಕೊಟ್ಟೂರು, ಹೂವಿನ ಹಡಗಲಿಗಳ ಮಕ್ಕಳು ಪದವಿ ಪಡೆಯಲು ಆ ಸಂಘವೇ ದಾರಿಯಾಯಿತು. ಸಿರಿಗೆರೆಯ ಹಿರಿಯ ಗುರುಗಳು ಹಳ್ಳಿ ಹಳ್ಳಿಗೆ ಪ್ರೌಢಶಾಲೆ ಕೊಟ್ಟರು. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯನ್ನು ಜನ ಇವತ್ತಿಗೂ ಚಿಗಟೇರಿ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ ಮಲಗಿದ ರೋಗಿಯ ಜಾತಿಯನ್ನು ಆ ಹೆಸರು ಕೇಳುವುದಿಲ್ಲ.

ನೂರು ವರ್ಷದ ಹಿಂದೆ ಶಾಲೆಯ ಬಾಗಿಲಿನ ಹೊರಗೆ ಯಾರಿದ್ದರು? ನಮ್ಮ ರೈತರ, ಸಣ್ಣ ವ್ಯಾಪಾರಿಗಳ ಮಕ್ಕಳಿದ್ದರು. ಅದಕ್ಕಾಗಿ ಹಿರಿಯರು ಕಟ್ಟಿದರು. ಇವತ್ತು ಹೊರಗೆ ಯಾರಿದ್ದಾರೆ? ತಾಂಡಾದ ಮಕ್ಕಳು, ಹರಿಜನ ಕೇರಿಯ ಮಕ್ಕಳು, ನಾಯಕರ ಮಕ್ಕಳು, ನಮ್ಮಲ್ಲೇ ಹೊಲ ಕಳಕೊಂಡ ಬಡವರ ಮಕ್ಕಳು. ನಮ್ಮಲ್ಲಿ ಕೈ ನಡೆಯುವವರ ಮಕ್ಕಳು ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಹರಪನಹಳ್ಳಿಗೋ ದಾವಣಗೆರೆಗೋ ಹೋಗುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ತಂದೆ ತಾಯಿ ತಮ್ಮ ಮಕ್ಕಳಿಗೆ ಒಳ್ಳೆಯದನ್ನೇ ಹುಡುಕುತ್ತಾರೆ. ಆದರೆ ನಮ್ಮ ಮಕ್ಕಳು ಅಲ್ಲಿಲ್ಲ ಎಂಬ ಕಾರಣಕ್ಕೆ ಆ ಶಾಲೆ ನಮ್ಮದಲ್ಲ ಎಂದರೆ, ಅದು ಬಸವಣ್ಣನವರ ಅನುಯಾಯಿಗಳ ಮಾತಾಗುವುದಿಲ್ಲ. ಅನುಭವ ಮಂಟಪಕ್ಕೆ ಮಡಿವಾಳ ಮಾಚಯ್ಯನವರು, ಅಂಬಿಗರ ಚೌಡಯ್ಯನವರು, ಮಾದಾರ ಚೆನ್ನಯ್ಯನವರ ಹೆಸರಿನ ಗೌರವ ಬಂತು ಎಂದು ಹೇಳುತ್ತೇವಲ್ಲ, ಇವತ್ತು ನಮ್ಮೂರಿನಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಚಾವಣಿಯ ಕೆಳಗೆ ಕೂತು ಓದುವ, ಒಂದೇ ಪಂಕ್ತಿಯಲ್ಲಿ ಉಣ್ಣುವ ಜಾಗ ಯಾವುದು? ಸರ್ಕಾರಿ ಶಾಲೆ. ಹಾಗಾದರೆ ಅನುಭವ ಮಂಟಪಕ್ಕೆ ಹತ್ತಿರವಾದ ಜಾಗ ನಮ್ಮೂರಿನಲ್ಲಿ ಯಾವುದೆಂದು ನೀವೇ ಹೇಳಿ.

ನಮ್ಮ ಮಗುವಿಗಾಗಿ ಕೊಟ್ಟರೆ ಅದು ಶುಲ್ಕ. ನಮ್ಮ ಜಾತಿಯ ಮಗುವಿಗಾಗಿ ಕೊಟ್ಟರೆ ಅದು ಅಭಿಮಾನ. ಯಾರ ಮಗು ಎಂದು ಕೇಳದೆ ಕೊಟ್ಟರೆ ಅದು ದಾಸೋಹ. ಇಷ್ಟು ಹೇಳಿದರೆ ಇವತ್ತಿನ ವಿಷಯ ಹೇಳಿ ಮುಗಿದ ಹಾಗೆಯೇ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು: ಹಣ ಕೂಡಿಸಿದರೆ ಯಾರು ತಿನ್ನುತ್ತಾರೋ? ಊರಿನ ಎಷ್ಟೋ ಒಳ್ಳೆಯ ಕೆಲಸಗಳು ಈ ಒಂದು ಪ್ರಶ್ನೆಯಲ್ಲಿಯೇ ನಿಂತುಹೋಗಿವೆ. ಈ ಪ್ರಶ್ನೆ ಕೇಳುವವರನ್ನು ಬಯ್ಯಬೇಡಿ. ಕೇಳಲೇಬೇಕಾದ ಪ್ರಶ್ನೆ.

ಬಸವಣ್ಣನವರು ಯಾವ ಕೆಲಸದಲ್ಲಿದ್ದರು? ಬಿಜ್ಜಳನ ಭಂಡಾರಿಯಾಗಿದ್ದರು. ಪರರ ಹಣ ಕಾಯುವ ಕೆಲಸ ಅದು. ಅರಸನ ಭಂಡಾರ ಜಂಗಮದಾಸೋಹಕ್ಕೆ ಸೋರಿಹೋಗುತ್ತಿದೆ ಎಂದು ಚಾಡಿ ಹೇಳಿದವರಿದ್ದರು. ಭಂಡಾರ ತೆರೆದು ಎಣಿಸಿದಾಗ ಲೆಕ್ಕ ಸರಿಯಾಗಿತ್ತು ಎಂದು ಪರಂಪರೆ ಹೇಳುತ್ತದೆ. ಆ ಕಥೆಯಲ್ಲಿ ನಮಗೆ ಪಾಠ ಏನು? ಬಸವಣ್ಣನವರು 'ನನ್ನ ಭಕ್ತಿಯನ್ನು ಅನುಮಾನಿಸುತ್ತೀರಾ' ಎಂದು ಮುನಿಸಿಕೊಂಡು ಕೂರಲಿಲ್ಲ. ಲೆಕ್ಕ ತೋರಿಸಿದರು. ಭಕ್ತಿ ಇದ್ದವನು ಲೆಕ್ಕಕ್ಕೆ ಹೆದರುವುದಿಲ್ಲ.

ಇನ್ನೊಂದು ಕಥೆ ಆಯ್ದಕ್ಕಿ ಲಕ್ಕಮ್ಮನವರದು. ಗಂಡ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಮನೆಗೆ ಅಕ್ಕಿ ಹೆಚ್ಚು ಬಂದರೆ ಯಾವ ಹೆಂಡತಿ ಬೇಡ ಎನ್ನುತ್ತಾಳೆ? ಲಕ್ಕಮ್ಮನವರು ಬೇಡ ಎಂದರು. ಇದು ನಮ್ಮ ದಿನದ ಅಗತ್ಯಕ್ಕೆ ಮೀರಿದ್ದು, ಮರಳಿ ಅಲ್ಲಿಯೇ ಸುರಿದು ಬನ್ನಿ ಎಂದರು. ಸಂಗ್ರಹ ಮಾಡುವ ಕೈಗೆ ಕಡಿವಾಣ ಹಾಕಿದವರು ಮನೆಯ ಹೆಣ್ಣುಮಗಳು. ನಮ್ಮ ಶಾಲಾ ಪಟ್ಟಿಯ ಲೆಕ್ಕವನ್ನೂ ಅಂಥ ಕೈಗಳಿಗೇ ಕೊಡಬೇಕೆಂದು ನನ್ನ ಸೂಚನೆ. ಸ್ತ್ರೀಶಕ್ತಿ ಸಂಘದ ತಾಯಂದಿರು ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿ, ಪುಸ್ತಕ ಬರೆದು, ಸಾಲ ಕೊಟ್ಟು, ವಸೂಲು ಮಾಡಿ ಕಲಿತಿದ್ದಾರೆ. ಈ ಹೋಬಳಿಯಲ್ಲಿ ಅವರಿಗಿಂತ ಗಟ್ಟಿ ಲೆಕ್ಕಿಗರು ನಮಗೆ ಸಿಗಲಾರರು.

ಆದ್ದರಿಂದ ಈ ಪಟ್ಟಿಗೆ ಐದು ಕಟ್ಟಳೆಗಳಿರಲಿ.

ಒಂದು: ಕೆಲಸದ ಪಟ್ಟಿ ಮೊದಲು, ಹಣ ಆಮೇಲೆ. ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅದನ್ನು ಫೋಟೋ ತೆಗೆಸಿಕೊಳ್ಳಲು ಮಾಡದೆ, ಶಾಲೆಗೆ ಏನು ಬೇಕೆಂದು ಮಕ್ಕಳ ಬಾಯಿಂದಲೇ ಕೇಳಿ ಬರೆದುಕೊಳ್ಳೋಣ. ನಾವು ಕಮಾನು ಕಟ್ಟಿಸೋಣ ಎನ್ನುತ್ತೇವೆ, ಹುಡುಗಿಯರು ಬಾಗಿಲಿಗೆ ಚಿಲಕ ಹಾಕಿಸಿ ಎನ್ನುತ್ತಾರೆ. ಅವರ ಮಾತು ಮೊದಲು ನಡೆಯಲಿ.

ಎರಡು: ಇಲಾಖೆಯ ಒಪ್ಪಿಗೆ, ಇಂಜಿನಿಯರರ ಅಂದಾಜು ಪಟ್ಟಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಬಾರದು. ಮಕ್ಕಳು ಕೂರುವ ಚಾವಣಿ ಅದು, ಕಣ್ಣಳತೆಯಲ್ಲಿ ಕಟ್ಟುವಂಥದಲ್ಲ.

ಮೂರು: ಹಣ ಯಾರ ಮನೆಯಲ್ಲೂ ಇರಬಾರದು. ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ, ಒಬ್ಬರ ಸಹಿಯಿಂದ ತೆಗೆಯಲಾಗದ ಖಾತೆ ಇರಬೇಕು. ಅದರಿಂದ ಸಂಬಳ, ಸನ್ಮಾನ, ಶಾಲು, ಹಾರ ಯಾವುದಕ್ಕೂ ಒಂದು ರೂಪಾಯಿ ಹೋಗಬಾರದು.

ನಾಲ್ಕು: ಮೂರು ತಿಂಗಳಿಗೊಮ್ಮೆ ಜಮಾ ಖರ್ಚು ಪಂಚಾಯಿತಿಯ ಗೋಡೆಯ ಮೇಲೆ, ಶಾಲೆಯ ಗೋಡೆಯ ಮೇಲೆ, ಈ ಮಠದ ಬಾಗಿಲಲ್ಲಿ ಬರೆದು ಹಾಕಬೇಕು. ಹತ್ತನೆಯ ತರಗತಿಯ ಮಕ್ಕಳೇ ಅದನ್ನು ಬರೆಯಲಿ. ಅವರಿಗೆ ಅದೂ ಒಂದು ಗಣಿತದ ಪಾಠ. ಲೆಕ್ಕ ನೋಡುವ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿರಲಿ, ತಾಂಡಾದವರೂ ಕೇರಿಯವರೂ ಇರಲಿ. ಗುತ್ತಿಗೆದಾರರು, ಅವರ ನೆಂಟರು ಇರಬಾರದು.

ಐದು: ಕಲ್ಲಿನಲ್ಲಿ ಯಾರ ಹೆಸರನ್ನೂ ಕೆತ್ತಬಾರದು. ಕೆತ್ತಲೇಬೇಕೆಂದರೆ 'ಊರವರು ಕಟ್ಟಿದ್ದು' ಎಂದಷ್ಟೇ ಇರಲಿ.

ಈಗ ಹಣದ ಮಾತು. ಲೆಕ್ಕ ತಿಳಿಯಲಿ ಎಂದು ಒಂದು ಉದಾಹರಣೆ ಹೇಳುತ್ತೇನೆ. ಸಾವಿರ ಮನೆ ಸೇರಿದವು ಎನ್ನಿ. ಸರಾಸರಿ ಮನೆಗೆ ತಿಂಗಳಿಗೆ 50 ರೂಪಾಯಿ. ತಿಂಗಳಿಗೆ 50 ಸಾವಿರ, ವರ್ಷಕ್ಕೆ 6 ಲಕ್ಷ, ಐದು ವರ್ಷಕ್ಕೆ 30 ಲಕ್ಷ. ಒಂದು ಮನೆಗೆ ಐದು ವರ್ಷದಲ್ಲಿ ಬೀಳುವುದು 3,000 ರೂಪಾಯಿ. ಒಂದು ಮದುವೆಯಲ್ಲಿ ಪೆಂಡಾಲಿನ ಹೂವಿಗೆ, ಡಿಜೆಗೆ ನಾವು ಎಷ್ಟು ಕೊಡುತ್ತೇವೆ ಎಂದು ನೆನಪು ಮಾಡಿಕೊಳ್ಳಿ. ಸರಾಸರಿ ಎಂದೆ, ಎಲ್ಲರಿಗೂ ಸಮ ಎಂದು ಹೇಳಲಿಲ್ಲ. ಉಳ್ಳವರು 200, 500 ಕೊಡಲಿ. ಕೂಲಿಯವರು ಐದು ರೂಪಾಯಿ ಕೊಟ್ಟರೂ ಸಾಕು, ಕೊಡದೆ ಇದ್ದರೂ ಯಾರೂ ಕೇಳಬಾರದು. ಅವರು ಒಂದು ದಿನ ಮಣ್ಣು ಹೊತ್ತರೆ, ಗಿಡ ನೆಟ್ಟರೆ, ಗೋಡೆಗೆ ಸುಣ್ಣ ಬಳಿದರೆ ಅದೂ ಪಟ್ಟಿಯಲ್ಲಿ ಬರೆಯಬೇಕಾದ ಕೊಡುಗೆ. ಕಾಯಕಕ್ಕೆ ಹಣದಷ್ಟೇ ಬೆಲೆ ಎಂದವರು ನಾವು. ಸುಗ್ಗಿಯಲ್ಲಿ ಚೀಲ ಕಾಳು ಕೊಡುವವರು ಕಾಳನ್ನೇ ಕೊಡಲಿ. ಪ್ರಸಾದ ನಿಲಯಗಳನ್ನು ಒಂದು ಕಾಲಕ್ಕೆ ಮುಷ್ಟಿ ಧಾನ್ಯ ಸಾಕಿತ್ತು.

ಮೂವತ್ತು ಲಕ್ಷದಲ್ಲಿ ಎಲ್ಲವೂ ಆಗುವುದಿಲ್ಲ, ನಿಜ. ದೊಡ್ಡ ಕೊಠಡಿಗಳನ್ನು ಸರ್ಕಾರವೇ ಕಟ್ಟಬೇಕು. ಆದರೆ ನೀರಿರುವ ಶೌಚಾಲಯ, ಕುಡಿಯುವ ನೀರು, ವಿಜ್ಞಾನದ ಸಾಮಾನು ಇಡುವ ಬೀರು, ಓದುವ ಪುಸ್ತಕ, ಸೋರುವ ಚಾವಣಿಯ ರಿಪೇರಿ, ರಾತ್ರಿ ಓದುವವರಿಗೆ ಎರಡು ದೀಪ, ಇವುಗಳಿಗೆ ನಾವು ಬೆಂಗಳೂರಿನ ಕಡೆ ನೋಡಬೇಕಿಲ್ಲ. ಸೂಕ್ಷ್ಮದರ್ಶಕದಲ್ಲಿ ಒಂದು ಸಲವೂ ಕಣ್ಣಿಡದೆ ಜೀವಕೋಶದ ಚಿತ್ರ ಬರೆದು ಅಂಕ ತೆಗೆದುಕೊಳ್ಳುವ ಮಗುವಿಗೆ ನಾವು ಅರಿವು ಕೊಟ್ಟೆವು ಎಂದು ಹೇಳಲಾಗದು. ಅರಿವನ್ನೇ ಗುರುವೆಂದವರ ಊರಿನಲ್ಲಿ ಹಾಗಾಗಬಾರದು.

ಪೂಜ್ಯರಲ್ಲಿ ಒಂದು ವಿನಂತಿ. ಈ ಪಟ್ಟಿಯ ಹಣ ಮಠಕ್ಕೆ ಬರುವುದು ಬೇಡ, ಮಠದ ಹೆಸರಿನಲ್ಲಿ ಇರುವುದೂ ಬೇಡ. ಎಲ್ಲ ಜಾತಿಯವರ ಶಾಲೆಗೆ ಎಲ್ಲ ಜಾತಿಯವರೂ ಕೂಡಿಸಿದ ಹಣ ಊರಿನ ಹೆಸರಿನಲ್ಲಿಯೇ ಇರಲಿ. ಆದರೆ ಮೊದಲ ಕಾಣಿಕೆ ಮಠದಿಂದ ಬರಲಿ. ಹುಣ್ಣಿಮೆ ಅಮಾವಾಸ್ಯೆಗೆ ಬರುವ ಭಕ್ತರಿಗೆ ಬುದ್ಧಿಯವರು ಒಂದು ಮಾತು ಹೇಳಲಿ: ಮಠಕ್ಕೆ ಬರುವ ಮುಂಚೆ ಒಂದು ಸಲ ಶಾಲೆಗೆ ಹೋಗಿ ಬನ್ನಿ.

ನಿಮ್ಮೆಲ್ಲರಲ್ಲಿ ನನ್ನ ವಿನಂತಿ ಮೂರು. ಈ ವಾರದಲ್ಲಿ ಒಂದು ದಿನ, ಶಾಲೆಯ ವೇಳೆಯಲ್ಲಿ, ನಿಮ್ಮ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರ ಅನುಮತಿ ಕೇಳಿ, ಕೊಠಡಿ, ನೀರು, ಶೌಚಾಲಯ ಕಣ್ಣಾರೆ ನೋಡಿ. ಎರಡನೆಯದು, ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ, ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ, ಈ ವಿಷಯವನ್ನು ಎತ್ತಿ. ಒಪ್ಪದವರು ಒಪ್ಪುವುದಿಲ್ಲ ಎಂದು ಎದ್ದು ನಿಂತು ಹೇಳಲಿ, ಅವರ ಮಾತನ್ನೂ ಕೇಳೋಣ. ಒತ್ತಾಯದಿಂದ ಎತ್ತಿದ ಹಣ ದಾಸೋಹವಾಗುವುದಿಲ್ಲ. ಮೂರನೆಯದು, ಒಪ್ಪಿಗೆಯಾದ ಮೇಲೆ ಐದು ವರ್ಷ ಬಿಡದೆ ಕೊಡಿ. ಮೊದಲ ತಿಂಗಳು ಉತ್ಸಾಹ ಎಲ್ಲರಿಗೂ ಇರುತ್ತದೆ. ಮೂವತ್ತನೆಯ ತಿಂಗಳಿನಲ್ಲಿ, ಮಳೆ ಹೋದ ವರ್ಷದಲ್ಲಿ, ಆಗಲೂ ಹತ್ತು ರೂಪಾಯಿಯಾದರೂ ಹಾಕುವವನೇ ದಾಸೋಹಿ.

ಈ ವರ್ಷ ಎಂಟನೆಯ ತರಗತಿಗೆ ಸೇರಿದ ಮಗುವಿಗೆ ಈ ಶಾಲೆಯಲ್ಲಿ ಇರುವುದು ಮೂರೇ ವರ್ಷ. ನಾವು ಒಂದು ವರ್ಷ ಯೋಚನೆಯಲ್ಲಿ ಕಳೆದರೆ, ಅವಳ ಪಾಲಿಗೆ ಮೂರರಲ್ಲಿ ಒಂದು ಹೋಯಿತು. ಆದ್ದರಿಂದ ಬೇಗ ತೀರ್ಮಾನ ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.